ಡಿವೈಸ್ ಟ್ರೀಯಲ್ಲಿ 120 ಬರೆದ್ರೂ ವಾಚ್‌ಡಾಗ್ 60ಕ್ಕೇ ಕಚ್ಚುತ್ತೆ, 300 ಕೊಟ್ರೆ ಇನ್ನೂ ಬೇಗ ಕಚ್ಚುತ್ತೆ

ಬೋರ್ಡ್_ಬೋರಯ್ಯ

ಎಲ್ರಿಗೂ ನಮಸ್ಕಾರ. ನಾಲ್ಕು ದಿನದಿಂದ ಇದರ ಹಿಂದೆ ಬಿದ್ದು ತಲೆ ಕೆಟ್ಟಿದೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಾವು ಮಾಡೋದು ಹಳ್ಳಿ ಹಾಲಿನ ಡೇರಿಗಳಲ್ಲಿ ಕೂರೋ ಒಂದು ಡಬ್ಬ. ತೂಕದ ಯಂತ್ರ, ಫ್ಯಾಟು-ಎಸ್‌ಎನ್‌ಎಫ್ ನೋಡೋ ಅನಲೈಸರ್, ಚೀಟಿ ಪ್ರಿಂಟರ್ ಮೂರೂ ಅದಕ್ಕೆ ಬಂದು ಸೇರ್ತವೆ. ಒಳಗೆ ಐ.ಎಂಎಕ್ಸ್ 6ಯುಎಲ್‌ಎಲ್ ಚಿಪ್ಪು, ಲಿನಕ್ಸ್ 5.15, ಬಿಸಿಬಾಕ್ಸ್ (ಸಣ್ಣ ಸಿಸ್ಟಂಗಳ ಟೂಲುಗಳ ಕಟ್ಟು) ಇನಿಟ್. ವಾಚ್‌ಡಾಗ್ (ಸಿಸ್ಟಂ ಹ್ಯಾಂಗಾದ್ರೆ ತಾನಾಗಿ ರೀಸ್ಟಾರ್ಟ್ ಮಾಡೋ ಕಾವಲು ನಾಯಿ) ಮಾತ್ರ ಚಿಪ್ಪಿನ ಒಳಗಿಂದಲ್ಲ. ಬೋರ್ಡಿನ ಮೇಲೆ ಒಂದು ಪುಟಾಣಿ ಮೈಕ್ರೋಕಂಟ್ರೋಲರ್ ಇದೆ, ಐ2ಸಿ ಅನ್ನೋ ಎರಡು ತಂತಿ ಮೇಲೆ ಮಾತಾಡುತ್ತೆ. ಹೊತ್ತಿಗೆ ಸರಿಯಾಗಿ ಪಿಂಗ್ ("ಬದುಕಿದೀನಿ" ಅನ್ನೋ ಸಂದೇಶ) ಬರದಿದ್ರೆ ಇಡೀ ಬೋರ್ಡಿನ ಪವರ್ ಕಟ್ ಮಾಡಿ ಮತ್ತೆ ಕೊಡುತ್ತೆ. ಕರೆಂಟ್ ಬಂದ ಕ್ಷಣದಿಂದಲೇ ಎಣಿಸೋಕೆ ಶುರು ಮಾಡುತ್ತೆ, ನಿಲ್ಲಿಸೋಕೆ ಆಗಲ್ಲ. ಡ್ರೈವರ್ ಬರೆದ ಗೆಳೆಯ ಕೆಲಸ ಬಿಟ್ಟು ಹೋಗಿ ಒಂದು ವರ್ಷ ಆಯ್ತು.

ತೊಂದರೆ ಏನಂದ್ರೆ, ಸಂಜೆ ಹೊತ್ತು ಕರೆಂಟ್ ಹೋಗಿ ಬಂದಾಗ ಡೇಟಾ ಪಾರ್ಟಿಷನ್ ಮೇಲೆ ಎಫ್‌ಎಸ್‌ಸಿಕೆ (ಡಿಸ್ಕಿನ ತಪ್ಪು ಹುಡುಕಿ ಸರಿ ಮಾಡೋ ಪ್ರೋಗ್ರಾಂ) ಓಡುತ್ತೆ. ಪಿಂಗ್ ಮಾಡೋ ಪ್ರೋಗ್ರಾಂ ಶುರುವಾಗೋಷ್ಟರಲ್ಲಿ 75 ಸೆಕೆಂಡ್ ಕಳೆದಿರುತ್ತೆ, ಅಷ್ಟರಲ್ಲಿ ನಾಯಿ ಕಚ್ಚಿರುತ್ತೆ. ಮತ್ತೆ ಬೂಟು, ಮತ್ತೆ ಎಫ್‌ಎಸ್‌ಸಿಕೆ, ಮತ್ತೆ ಕಚ್ಚು. ಒಂದು ಡೇರಿಯಲ್ಲಿ ರಾತ್ರಿಯೆಲ್ಲಾ ಹಂಗೇ ಸುತ್ತಿದೆ.

ಸರಿ ಅಂತ ಡಿವೈಸ್ ಟ್ರೀಯಲ್ಲಿ (ಬೋರ್ಡಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳೋ ಫೈಲು) ಟೈಮ್‌ಔಟ್-ಸೆಕ್ ಪ್ರಾಪರ್ಟಿಗೆ 120 ಕೊಟ್ಟೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸೆಟ್ಟಿಂಗ್ ತೋರಿಸೋ ಜಾಗ) ನೋಡಿದ್ರೆ ಅದೇ 60. ಗಡಿಯಾರ ಹಿಡಿದು ನೋಡಿದ್ರೆ 55ಕ್ಕೇ ರೀಬೂಟ್. ಸಿಟ್ಟು ಬಂದು ಬೂಟ್ ಆರ್ಗ್ಯುಮೆಂಟಲ್ಲಿ ಮಾಡ್ಯೂಲ್ ಪ್ಯಾರಾಮೀಟರ್ 300 ಅಂತ ಹಾಕಿದೆ. ಸಿಸ್‌ಎಫ್‌ಎಸ್ ಈಗ 300 ಅನ್ನುತ್ತೆ, ಡಬ್ಬ ಮಾತ್ರ 41 ಸೆಕೆಂಡಿಗೆ ಹೋಯ್ತು! ಜಾಸ್ತಿ ಕೊಟ್ರೆ ಕಮ್ಮಿ ಆಗೋದು ಎಲ್ಲಾದ್ರೂ ಉಂಟಾ?

ಕರ್ನಲ್_ಕಾಕಾ

ತಮ್ಮಾ, ಡ್ರೈವರ್ ಫೈಲಿನ ಮ್ಯಾಲಿನ ಇಪ್ಪತ್ತು ಸಾಲು, ಆಮ್ಯಾಲ ಪ್ರೋಬ್ ಫಂಕ್ಷನ್ (ಡಿವೈಸ್ ಸಿಕ್ಕ ಕೂಡಲೆ ಕರ್ನಲ್ ಮೊದಲ ಕರಿಯೂದು), ಇವೆರಡು ಹಾಕು. ಏನಾಗಿರ್ಬೇಕು ಅಂತ ನನಗ ಈಗ ಅಂದಾಜು ಐತಿ, ಆದ್ರ ನೋಡದ ಹೇಳೂದು ಬ್ಯಾಡ.

ಮತ್ತ ಸ್ಟಾಪ್ ಫಂಕ್ಷನ್ ಒಳಗ ಏನ್ ಬರದಾರ ಅದನ್ನೂ ಹಾಕು. "ನಿಲ್ಲಿಸೋಕೆ ಆಗಲ್ಲ" ಅಂದಿಯಲ್ಲ, ಅದಕ್ಕ.

ಬೋರ್ಡ್_ಬೋರಯ್ಯ

ಕಾಕಾ, ತಗೊಳ್ಳಿ. ಮೇಲ್ಗಡೆ ಹೀಗಿದೆ:

ಸ್ಟ್ಯಾಟಿಕ್ ಅನ್‌ಸೈನ್ಡ್ ಇಂಟ್ ಟೈಮ್‌ಔಟ್ = 60;

ಅದರ ಕೆಳಗೆ ಮಾಡ್ಯೂಲ್_ಪ್ಯಾರಂ. ಪ್ರೋಬ್ ಒಳಗೆ ಮಿನ್_ಟೈಮ್‌ಔಟ್‌ಗೆ 1 ಹಾಕಿದ್ದಾನೆ, ಮ್ಯಾಕ್ಸ್ ಏನೂ ಹಾಕಿಲ್ಲ. ಆಮೇಲೆ ವಾಚ್‌ಡಾಗ್_ಇನಿಟ್_ಟೈಮ್‌ಔಟ್‌ಗೆ ಈ ಟೈಮ್‌ಔಟ್ ವೇರಿಯಬಲ್ ಕೊಟ್ಟು, ಬಂದ ಬೆಲೆಯನ್ನ ಐ2ಸಿ ರಿಜಿಸ್ಟರ್ 2ಕ್ಕೆ ಬರೆದು, ಕೊನೆಗೆ ಡಿವೈಸನ್ನ ಕರ್ನಲ್ ಹತ್ರ ರಿಜಿಸ್ಟರ್ ಮಾಡ್ತಾನೆ. ಆ ಐ2ಸಿ ರಿಜಿಸ್ಟರಿಗೆ ಬರೆಯೋದು ಐ2ಸಿ ಬೈಟ್ ರೈಟ್‌ನಿಂದ.

ಸ್ಟಾಪ್ ಫಂಕ್ಷನ್ನಲ್ಲಿ ಒಂದೇ ಸಾಲು: ರಿಟರ್ನ್ 0.

ಕರ್ನಲ್_ಕಾಕಾ

ಅಂದಾಜು ಮಾಡಿದ್ದ ಖರೇ ಆತು. ಆ "= 60" ಐತೆಲ್ಲ, ಅದ ನಿನ್ನ 120 ನುಂಗಿದ್ದು.

ವಾಚ್‌ಡಾಗ್_ಇನಿಟ್_ಟೈಮ್‌ಔಟ್ ಕೆಲಸ ಮಾಡೂ ರೀತಿ ಹಿಂಗ ಐತಿ ನೋಡು. ಮೊದಲ ಅದು ನೀ ಕೊಟ್ಟ ಪ್ಯಾರಾಮೀಟರ್ ನೋಡ್ತೈತಿ. ಅದು ಸೊನ್ನಿ ಅಲ್ಲ, ಮಿತಿ ಒಳಗ ಐತಿ ಅಂದ್ರ ಅದನ್ನ ತಗೊಂಡು ಅಲ್ಲೇ ವಾಪಸ್ ಬರ್ತೈತಿ. ಡಿವೈಸ್ ಟ್ರೀ ಕಡೆ ತಲಿ ಹಾಕಿ ಮಲಗೂದಿಲ್ಲ. ಪ್ಯಾರಾಮೀಟರ್ ಸೊನ್ನಿ ಇದ್ರ, ಇಲ್ಲಾ ಮಿತಿ ಹೊರಗ ಇದ್ರ, ಆವಾಗ ಅಷ್ಟ ಟೈಮ್‌ಔಟ್-ಸೆಕ್ ಓದ್ತೈತಿ. ಅದೂ ಇಲ್ಲಾ ಅಂದ್ರ, ವಾಚ್‌ಡಾಗ್_ಡಿವೈಸ್ ಸ್ಟ್ರಕ್ಟ್ ಒಳಗ ಡ್ರೈವರ್ ಮೊದಲ ಇಟ್ಟಿದ್ದ ಬೆಲಿ ಹಂಗ ಉಳೀತೈತಿ.

ನಿಮ್ಮ ಗೆಳೆಯಾ ಡಿಫಾಲ್ಟನ್ನ ಪ್ಯಾರಾಮೀಟರ್ ಜಾಗಾದಾಗ ಇಟ್ಟಾನ. ಕರ್ನಲ್ ಕಣ್ಣಿಗೆ ಅದು ಡಿಫಾಲ್ಟ್ ಅಲ್ಲ, "ಬಳಕೆದಾರ ತಾನ ಕೇಳಿ ಹಾಕಿದ್ದು" ಅಂತ ಕಾಣಸ್ತೈತಿ. ಅದಕ ಡಿವೈಸ್ ಟ್ರೀಗಿಂತ ಅದಕ ಮರ್ಯಾದಿ ಜಾಸ್ತಿ.

ಸರಿ ಮಾಡೂದು ಭಾಳ ಸಣ್ಣ ಕೆಲಸ. ಮ್ಯಾಲಿನ "= 60" ಕಿತ್ತು ಒಗಿ, ಸ್ಟ್ಯಾಟಿಕ್ ಇರೂದ್ರಿಂದ ತಾನ ಸೊನ್ನಿ ಆಗ್ತೈತಿ. ಪ್ರೋಬ್ ಒಳಗ, ಇನಿಟ್_ಟೈಮ್‌ಔಟ್ ಕರಿಯೂದಕ್ಕ ಮೊದಲ, ಸ್ಟ್ರಕ್ಟಿನ ಟೈಮ್‌ಔಟ್ ಫೀಲ್ಡಿಗೆ 60 ಹಾಕು. ಕರ್ನಲಿನ ದಸ್ತಾವೇಜಿನಾಗ ಇದನ್ನ ಒಳ್ಳೆ ಪದ್ಧತಿ ಅಂತ ಬರದಾರ. ಆದ್ರ ಯಾರ್ ಓದ್ತಾರ? ನಾನೂ ಮೊದಲ ಡ್ರೈವರ್ ಬರಿಯೂ ಮುಂದ ಬ್ಯಾರೆಯವರ ಡ್ರೈವರ್ ಕಾಪಿ ಹೊಡದು ಇದ ತಪ್ಪು ಮಾಡಿದ್ದೆ. ಮೇನ್‌ಲೈನ್ ಒಳಗೂ ಎಷ್ಟೋ ಡ್ರೈವರ್‌ಗೆ ಇದ ಸಲುವಾಗಿ ಪ್ಯಾಚ್ ಬಂದಾವು.

ಇನ್ನೊಂದು. ಆ ಫಂಕ್ಷನ್ ತಪ್ಪು ಬೆಲಿ ಕಂಡ್ರ ಎರರ್ ವಾಪಸ್ ಕೊಡ್ತೈತಿ, ಆದ್ರ ಡಿಫಾಲ್ಟ್ ಹಂಗ ಇಟ್ಟಿರ್ತೈತಿ. ಅಷ್ಟಕ್ಕ ಪ್ರೋಬ್ ಫೇಲ್ ಮಾಡಬ್ಯಾಡ. ಡಿವೈಸ್ ಟ್ರೀಯಾಗ ಯಾರೋ ಒಂದು ಅಂಕಿ ತಪ್ಪು ಹೊಡದ್ರು ಅಂತ ವಾಚ್‌ಡಾಗ್ ಡ್ರೈವರ ಇಲ್ಲದಂಗ ಆಗೂದು ಯಾವ ನ್ಯಾಯ?

ರಿಜಿಸ್ಟರ್_ರಾಣಿ

60ರ ಕಥೆ ಕಾಕಾ ಬಿಡಿಸಿದ್ರು. 300ರದ್ದು ನಾನು ಹೇಳ್ತೀನಿ. ಬೈಟ್ ರೈಟ್ ಅಂದ್ರಲ್ಲ? ಒಂದು ಬೈಟಲ್ಲಿ 255ರ ತನಕ ಹಿಡಿಯುತ್ತೆ. 300ರಲ್ಲಿ 256 ಕಳೀರಿ, 44. ನಿಮ್ಮ ಮೈಕ್ರೋಕಂಟ್ರೋಲರ್‌ಗೆ ಹೋಗಿರೋದು 44.

ಮ್ಯಾಕ್ಸ್ ಹಾಕದೇ ಇದ್ದಿದ್ರಿಂದ ಕರ್ನಲ್ ಕೋರ್‌ಗೆ (ಎಲ್ಲಾ ವಾಚ್‌ಡಾಗ್ ಡ್ರೈವರ್‌ಗೂ ಸಾಮಾನ್ಯವಾದ ಭಾಗ) 300 ತಪ್ಪು ಅಂತ ಗೊತ್ತೇ ಆಗಲ್ಲ. ಮ್ಯಾಕ್ಸ್_ಟೈಮ್‌ಔಟ್ ಸೊನ್ನೆ ಇದ್ರೆ ಹೆಚ್ಚುಕಮ್ಮಿ ಏನು ಕೊಟ್ರೂ ಒಪ್ಕೊಳುತ್ತೆ. ಸಿಸ್‌ಎಫ್‌ಎಸ್ ಪಾಪ ತನಗೆ ಹೇಳಿದ್ದನ್ನ ತೋರಿಸುತ್ತೆ, ಹಾರ್ಡ್‌ವೇರನ್ನ ಕೇಳಿ ತೋರಿಸಲ್ಲ.

ಆದ್ರೆ ನನಗೆ ಕಚಗುಳಿ ಇಡ್ತಿರೋದು ಬೇರೆ. 44ಕ್ಕೆ ಹೋಗಬೇಕಾದ್ದು 41ಕ್ಕೆ ಹೋಗಿದೆ, 60ಕ್ಕೆ ಹೋಗಬೇಕಾದ್ದು 55ಕ್ಕೆ. ಎರಡೂ ಕಡೆ ನೂರಕ್ಕೆ ಏಳೆಂಟು ಕಮ್ಮಿ. ನಿಮ್ಮ ಪುಟಾಣಿಗೆ ಕ್ರಿಸ್ಟಲ್ (ನಿಖರವಾಗಿ ಎಣಿಸೋ ಕ್ಲಾಕ್) ಇದೆಯಾ, ಒಳಗಿನ ಆರ್‌ಸಿ ಆಸಿಲೇಟರ್ ಮೇಲೇ ಓಡ್ತಿದೆಯಾ?

ಬೋರ್ಡ್_ಬೋರಯ್ಯ

ಅಯ್ಯೋ, 300 ಕಳಿ 256! ನಾಲ್ಕು ದಿನ ಕೂತಿದೀನಿ ಮೇಡಂ, ಹೊಳೀಲೇ ಇಲ್ಲ.

ಕ್ರಿಸ್ಟಲ್ ಇಲ್ಲ. ಹಾರ್ಡ್‌ವೇರ್ ಅಣ್ಣನ್ನ ಕೇಳಿದೆ, "ವಾಚ್‌ಡಾಗ್‌ಗೆ ಯಾಕಪ್ಪಾ ಕ್ರಿಸ್ಟಲ್ಲು" ಅಂದ್ರು.

ರಿಜಿಸ್ಟರ್_ರಾಣಿ

ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಮೇನ್ ಕ್ಲಾಕ್ ಸತ್ರೂ ನಾಯಿ ಬದುಕಿರ್ಬೇಕು ಅಂತಾನೇ ಬೇರೆ ಆರ್‌ಸಿ ಕೊಡೋದು. ಆದ್ರೆ ಅದು ಗಡಿಯಾರ ಅಲ್ಲ, ಅಂದಾಜು.

ನಾನು ದಿನಾ ನೋಡೋ ಉದಾಹರಣೆ ಎಸ್‌ಟಿಎಂ32ಎಫ್4. ಅದರ ಇಂಡಿಪೆಂಡೆಂಟ್ ವಾಚ್‌ಡಾಗ್ ಓಡೋದು ಎಲ್‌ಎಸ್‌ಐ ಅನ್ನೋ ಒಳಗಿನ ಆಸಿಲೇಟರ್ ಮೇಲೆ. ಹೆಸರಿಗೆ 32 ಕಿಲೋಹರ್ಟ್ಜ್. ಡೇಟಾಶೀಟ್ ತೆಗೆದು ನೋಡಿದ್ರೆ 17ರಿಂದ 47ರ ತನಕ ಎಲ್ಲಾದ್ರೂ ಇರಬಹುದು ಅಂತಿದೆ. ಪ್ರೀಸ್ಕೇಲರ್ 256, ರೀಲೋಡ್ 12 ಬಿಟ್, ಅಂದ್ರೆ ಹೆಚ್ಚೆಂದ್ರೆ ಸುಮಾರು 32.8 ಸೆಕೆಂಡ್. ಅದೇ ಲೆಕ್ಕ 47ಕ್ಕೆ ಹಾಕಿದ್ರೆ 22 ಸೆಕೆಂಡ್, 17ಕ್ಕೆ ಹಾಕಿದ್ರೆ 62. ಕೋಡಲ್ಲಿ ಒಂದು ಅಕ್ಷರ ಬದಲಾಗಿಲ್ಲ, ಚಿಪ್ಪು ಮಾತ್ರ ಬೇರೆ!

ನಿಮ್ಮದು ಅಷ್ಟು ಕೆಟ್ಟದಿರಲಾರದು. ಆದ್ರೂ ಒಂದೇ ಬೋರ್ಡ್ ನೋಡಿ ತೀರ್ಮಾನ ಮಾಡ್ಬೇಡಿ. ಐದಾರು ಬೋರ್ಡ್ ತಗೊಂಡು ಪಿಂಗ್ ನಿಲ್ಲಿಸಿ, ಕಚ್ಚೋ ತನಕ ಸ್ಟಾಪ್‌ವಾಚ್ ಹಿಡೀರಿ. ಒಂದು ಸಲ ಎಸಿ ರೂಮಲ್ಲಿ, ಒಂದು ಸಲ ಬಿಸಿಲಲ್ಲಿ.

ಪೈ_ಕಲಿಯುವವ

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಲ್ಯಾಬಲ್ಲಿರೋ ಹಳೇ ರಾಸ್ಪ್‌ಬೆರಿ ಪೈನಲ್ಲಿ ವಾಚ್‌ಡಾಗ್ ಡೀಮನ್ ಹಾಕಿದ್ರೆ "60 ಸೆಟ್ ಮಾಡೋಕಾಗಲ್ಲ, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅಂತ ಬರುತ್ತೆ. ಇಂಟರ್ನೆಟ್‌ನಲ್ಲಿ ಎಲ್ರೂ "15 ಹಾಕು" ಅಂತಾರೆ. ಹಾಕಿದೆ, ಸರಿ ಹೋಯ್ತು. ಆದ್ರೆ 15 ಯಾಕೆ ಅಂತ ಯಾರೂ ಹೇಳಲ್ಲ. ಇದೂ ಬೈಟ್ ಕಥೆನಾ?

ಕುಡ್ಲ_ಕರ್ನಲ್

ಬೈಟ್ ಅಲ್ಲ ಮಾರಾಯ್ರೆ, 20 ಬಿಟ್. ಆ ಬ್ರಾಡ್‌ಕಾಂ ಚಿಪ್ಪಿನ ವಾಚ್‌ಡಾಗ್ ಸೆಕೆಂಡಿಗೆ 65536 ಸಲ ಎಣಿಸ್ತದೆ, ಎಣಿಕೆಗೆ ಇರುವ ಜಾಗ 20 ಬಿಟ್. 16 ಬಿಟ್ ಒಂದು ಸೆಕೆಂಡಿಗೇ ಖರ್ಚಾದ್ರೆ ಉಳಿಯುವುದು ನಾಲ್ಕು. ನಾಲ್ಕು ಬಿಟ್ಟಲ್ಲಿ ಹೆಚ್ಚೆಂದ್ರೆ 15. ಅಷ್ಟೇ ಕಥೆ.

ನಿಮ್ಮ ಕರ್ನಲ್ ಹಳೆಯದ್ದು, ಅದಕ್ಕೆ ಎರರ್ ಬರ್ತದೆ. ಡ್ರೈವರಲ್ಲಿ ಆಗ ಮ್ಯಾಕ್ಸ್_ಟೈಮ್‌ಔಟ್ ಅಂತ 15 ಇಟ್ಟಿದ್ದರು, ದಾಟಿದ್ರೆ ಕೋರ್ ಬೇಡ ಅಂತಿತ್ತು. 2021ರಲ್ಲಿ ಅದನ್ನು ತೆಗೆದು ಮ್ಯಾಕ್ಸ್_ಎಚ್‌ಡಬ್ಲ್ಯೂ_ಹಾರ್ಟ್‌ಬೀಟ್_ಎಂಎಸ್ ಅಂತ ಮಾಡಿದ್ರು. ಇದರ ಅರ್ಥ ಬೇರೆ: "ಹಾರ್ಡ್‌ವೇರಿಗೆ ಇಷ್ಟೇ ತಾಕತ್ತು, ಉಳಿದದ್ದು ನೀನು ನೋಡಿಕೋ" ಅಂತ ಕೋರಿಗೆ ಹೇಳುವುದು. ಆಗ ನೀವು 60 ಕೇಳಿದ್ರೆ ಕೋರ್ ಒಪ್ತದೆ. ನಿಮ್ಮ ಪ್ರೋಗ್ರಾಂನ ಎರಡು ಪಿಂಗ್ ನಡುವೆ ಕರ್ನಲ್ಲೇ ತನ್ನ ವರ್ಕರ್‌ನಿಂದ ಹಾರ್ಡ್‌ವೇರಿಗೆ ಪಿಂಗ್ ಕೊಡ್ತಾ ಇರ್ತದೆ. 60 ಮುಗಿದೂ ನೀವು ಬರದಿದ್ರೆ ಕೈ ಬಿಡ್ತದೆ.

ಇದರಲ್ಲಿ ಒಂದು ಲಾಭ ಉಂಟು. ಪ್ರೋಗ್ರಾಂ ಸತ್ರೆ 60 ಸೆಕೆಂಡ್ ಕಾಯ್ತದೆ. ಕರ್ನಲ್ಲೇ ಸತ್ರೆ ವರ್ಕರೂ ಸತ್ತ ಹಾಗೆ, 15ರ ಒಳಗೆ ರೀಸೆಟ್.

ಬೋರಯ್ಯನವ್ರೇ, ನೀವೂ ಇದನ್ನೇ ಮಾಡಿ. 255000 ಅಂತ ಹಾಕಿ. ಆದ್ರೆ ಒಂದು ನೆನಪಿರಲಿ: ಈಗ ಕೋರ್ 300ನ್ನೂ ಒಪ್ತದೆ, ಹಾಗಾಗಿ ರಿಜಿಸ್ಟರಿಗೆ ಬರೆಯುವಾಗ ಟೈಮ್‌ಔಟ್ ಮತ್ತು 255, ಇವೆರಡರಲ್ಲಿ ಯಾವುದು ಚಿಕ್ಕದೋ ಅದನ್ನು ಬರೀಬೇಕು. ಇಲ್ಲದಿದ್ರೆ ಮತ್ತೆ 44.

ಬೋರ್ಡ್_ಬೋರಯ್ಯ

ಮೂರೂ ಮಾಡಿದೆ. ಪ್ಯಾರಾಮೀಟರ್ ಸೊನ್ನೆ, ಸ್ಟ್ರಕ್ಟಲ್ಲಿ 60, ಮ್ಯಾಕ್ಸ್ ಹಾರ್ಟ್‌ಬೀಟ್ 255000. ಬೂಟಾಗೋವಾಗ ಡ್ರೈವರಿನ ಪ್ರಿಂಟಲ್ಲಿ 120 ಬಂತು. ಕುಣಿದಾಡಿದೆ.

ಪೂರ್ತಿ ಮೇಲೆದ್ದ ಮೇಲೆ ಸಿಸ್‌ಎಫ್‌ಎಸ್ ನೋಡಿದೆ. 60.

ಯಾರಾದ್ರೂ ನನ್ನ ಜೊತೆ ಆಟ ಆಡ್ತಿದೀರಾ?

ರಿಜಿಸ್ಟರ್_ರಾಣಿ

ಬಿಸಿಬಾಕ್ಸ್ ವಾಚ್‌ಡಾಗ್ ಆಟ ಆಡ್ತಿದೆ. ನಿಮ್ಮ ಇನಿಟ್ ಸ್ಕ್ರಿಪ್ಟಲ್ಲಿ ದೊಡ್ಡ ಟಿ ಆಪ್ಷನ್ ಕೊಟ್ಟಿದೀರಾ ನೋಡಿ. ಕೊಡದಿದ್ರೆ ಅದು ತಾನಾಗಿಯೇ 60 ಅಂತ ಐಆಕ್ಟಲ್ (ಡ್ರೈವರಿಗೆ ಕೊಡೋ ಆದೇಶ) ಹೊಡೆದು ಸೆಟ್ ಮಾಡುತ್ತೆ, 30ಕ್ಕೊಂದು ಪಿಂಗ್ ಕೊಡುತ್ತೆ. ಇದು ಇನ್ನೊಬ್ಬರ ಡಿಫಾಲ್ಟು. ಅದೂ 60 ಆಗಿರೋದ್ರಿಂದ ನಿಮಗೆ ಇಷ್ಟು ದಿನ ಗೊತ್ತಾಗಿಲ್ಲ.

ಬೋರ್ಡ್_ಬೋರಯ್ಯ

ಕೊಟ್ಟಿರಲಿಲ್ಲ. ಈಗ 120 ಕೊಟ್ಟೆ, ನಿಂತ್ಕೊಂಡಿದೆ. ಥ್ಯಾಂಕ್ಸ್ ಮೇಡಂ.

ಪೈ_ಕಲಿಯುವವ

ಒಂದು ದಡ್ಡ ಪ್ರಶ್ನೆ. ಕೊನೆಗೆ ಹೊರಗಿನ ಪ್ರೋಗ್ರಾಮೇ ಬಂದು ಟೈಮ್‌ಔಟ್ ಬದಲಾಯಿಸುತ್ತೆ ಅಂದ್ಮೇಲೆ ಡ್ರೈವರಿನ ಡಿಫಾಲ್ಟ್ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ?

ಮ್ಯೂನಿಕ್_ಮಂಜ

ದಡ್ಡ ಪ್ರಶ್ನೆ ಅಲ್ಲ. ಆ ಪ್ರೋಗ್ರಾಂ ಬರೋ ತನಕ ಯಾರು? ಬೋರಯ್ಯನವರ ಡಬ್ಬ ಸತ್ತಿದ್ದು ಆ ಸಂದಿನಲ್ಲೇ ಅಲ್ವಾ.

ನಾನು ಇಲ್ಲಿ ಸರ್ವರ್ ನೋಡ್ಕೊಳೋನು. ನಮ್ಮ ಕಡೆ ಸಂಖ್ಯೆಗಳು ಒಂದೊಂದು ಥರ. ಇಂಟೆಲ್‌ನ ಐಟಿಸಿಒ ಡ್ರೈವರಿಗೆ ಡಿಫಾಲ್ಟ್ 30. ಆರ್ಮ್ ಸರ್ವರ್‌ಗಳ ಎಸ್‌ಬಿಎಸ್‌ಎ ವಾಚ್‌ಡಾಗ್‌ಗೆ 10. ಸಾಫ್ಟ್‌ಡಾಗ್‌ಗೆ 60, ಐ.ಎಂಎಕ್ಸ್‌ನ ಸ್ವಂತದ್ದಕ್ಕೂ 60, ಬೀಗಲ್‌ಬೋನಲ್ಲಿ ಓಡೋ ಓಮ್ಯಾಪ್ ಡ್ರೈವರಿಗೂ 60. ಈ 60ಕ್ಕೆ ಶಾಸ್ತ್ರ ಗೀಸ್ತ್ರ ಏನಿಲ್ಲ, ಒಬ್ಬರದು ನೋಡಿ ಇನ್ನೊಬ್ಬರು ಬರ್ಕೊಂಡು ಬಂದಿರೋದು ಅಂತ ನನ್ನ ಅನಿಸಿಕೆ.

ಸರ್ವರ್‌ಗಳಲ್ಲಿ ಇನಿಟ್ ಆಗಿ ಓಡೋ ಸಿಸ್ಟಂಡಿಯಲ್ಲಿ ಇನ್ನೊಂದು ವಿಚಿತ್ರ. ರನ್‌ಟೈಂ‌ವಾಚ್‌ಡಾಗ್‌ಸೆಕ್ ನೀವು ಹಾಕದಿದ್ರೆ ಅದು ಆಫ್. ವಾಚ್‌ಡಾಗ್ ಡಿವೈಸನ್ನ ಅದು ತೆರೆಯೋದೇ ಇಲ್ಲ. ಡ್ರೈವರ್ ಲೋಡಾಗಿರುತ್ತೆ, ಟೈಮ್‌ಔಟ್ 30 ಅಂತ ತೋರಿಸುತ್ತೆ, ನಾಯಿ ಮಾತ್ರ ಮಲಗಿರುತ್ತೆ. ನನ್ನ ಹಿಂದಿನ ಕೆಲಸದಲ್ಲಿ ಒಂದು ರ‍್ಯಾಕ್ ಪೂರ್ತಿ ಎರಡು ವರ್ಷ ಹಂಗೇ ಇತ್ತು. ಒಂದು ಮಷೀನ್ ಹ್ಯಾಂಗಾಗಿ ಶನಿವಾರ ಪೂರ್ತಿ ಬಿದ್ದಿದ್ದಾಗಲೇ ಗೊತ್ತಾಗಿದ್ದು.

ಕರ್ನಲ್_ಕಾಕಾ

ಮಂಜಾ, ನಿಮ್ಮ ರ‍್ಯಾಕಿನ ಕಥಿ ಕೇಳಿ ಕ್ಲೆಮೆಂಟೈನ್ ನೆನಪಾತು. 1994ರಾಗ ಅಮೆರಿಕಾದವರು ಚಂದ್ರನ ಕಡೆ ಕಳಿಸಿದ ನೌಕೆ. ಚಂದ್ರನ ಕೆಲಸ ಮುಗಿಸಿ ಜಿಯೋಗ್ರಾಫೋಸ್ ಅನ್ನೂ ಕ್ಷುದ್ರಗ್ರಹದ ಕಡೆ ಹೊಂಟಿತ್ತು. ಮೇ ತಿಂಗಳಾಗ ಕಂಪ್ಯೂಟರ್ ಸಿಕ್ಕೊಂಡು ಥ್ರಸ್ಟರ್ 11 ನಿಮಿಷ ಉರದು ಇಂಧನ ಖಾಲಿ, ನೌಕೆ ಬುಗರಿ ಹಂಗ ತಿರಗಾಕ ಹತ್ತಿತು. ಹಾರ್ಡ್‌ವೇರಿನಾಗ ವಾಚ್‌ಡಾಗ್ ಇತ್ತು, ಬಳಸಿರಲಿಲ್ಲ ಅಷ್ಟ.

ಪೀಣ್ಯ_ಪವರ್

ಇಷ್ಟೆಲ್ಲಾ ಯಾಕ್ರೀ? 255 ಹಾಕಿ ಮುಗಿಸಿ. ಎಫ್‌ಎಸ್‌ಸಿಕೆಗೂ ಸಾಕು. ನಾವು ಎಲ್ಲಾ ಪ್ರಾಡಕ್ಟಲ್ಲೂ ಮ್ಯಾಕ್ಸಿಮಮ್ಮೇ ಇಡೋದು, ಇವತ್ತಿನ ತನಕ ಒಂದು ಕಂಪ್ಲೇಂಟ್ ಇಲ್ಲ.

ರಿಜಿಸ್ಟರ್_ರಾಣಿ

ಒಪ್ಪಲ್ಲ ಸಾರ್. ಬೋರಯ್ಯ, ನೀವೇ ಹೇಳಿ: ಹಾಲು ಹಾಕೋ ಹೊತ್ತಲ್ಲಿ ಡಬ್ಬ ಹ್ಯಾಂಗಾದ್ರೆ ಡೇರಿಯಲ್ಲಿ ಏನಾಗುತ್ತೆ?

ಬೋರ್ಡ್_ಬೋರಯ್ಯ

ಬೆಳಿಗ್ಗೆ ಆರೂವರೆಗೆ ಕ್ಯಾನ್ ಹಿಡ್ಕೊಂಡು ಮೂವತ್ತು ನಲವತ್ತು ಜನ ಸಾಲಲ್ಲಿ ನಿಂತಿರ್ತಾರೆ. ಸ್ಕ್ರೀನ್ ನಿಂತ್ರೆ ಸೆಕ್ರೆಟರಿ ಅರ್ಧ ನಿಮಿಷ ನೋಡ್ತಾರೆ, ಒಂದು ಸಲ ತಟ್ತಾರೆ, ಆಮೇಲೆ ಪ್ಲಗ್ ಕಿತ್ತು ಹಾಕ್ತಾರೆ. ಒಂದು ನಿಮಿಷಕ್ಕಿಂತ ಜಾಸ್ತಿ ಯಾರೂ ಕಾದಿದ್ದು ನಾನು ನೋಡಿಲ್ಲ.

ರಿಜಿಸ್ಟರ್_ರಾಣಿ

ಅಲ್ಲಿಗೆ ಬಂತು ನೋಡಿ. 255 ಇಟ್ರೆ ನಾಯಿ ಏಳೋಕೆ ಮುಂಚೆ ಸೆಕ್ರೆಟರಿ ಎದ್ದಿರ್ತಾರೆ. ಪ್ಲಗ್ ಕಿತ್ತರೆ ಇಎಂಎಂಸಿ (ಬೋರ್ಡಿನ ಸ್ಟೋರೇಜ್) ಮೇಲೆ ಅರ್ಧ ಬರಹ, ಮುಂದಿನ ಬೂಟಲ್ಲಿ ಎಫ್‌ಎಸ್‌ಸಿಕೆ. ಯಾವ ಎಫ್‌ಎಸ್‌ಸಿಕೆಗೆ ಹೆದರಿ ಟೈಮ್‌ಔಟ್ ಉದ್ದ ಮಾಡಿದ್ರೋ ಅದನ್ನೇ ಕರೆದು ಕೂರಿಸ್ಕೊಂಡ ಹಂಗೆ. 120 ಇಟ್ಟಿದ್ದೂ ಇದೇ ಕಾರಣಕ್ಕೆ ತಪ್ಪು.

ಓಡ್ತಿರೋವಾಗ 40 ಸೆಕೆಂಡ್ ಸಾಕು. ಬೂಟಿಗೆ ಬೇಕಾದ್ದು ಬೇರೆ ಸಂಖ್ಯೆ. ಎರಡು ಕೆಲಸವನ್ನ ಒಂದೇ ಡಿಫಾಲ್ಟಿಗೆ ಹೊರಿಸಿರೋದ್ರಿಂದಲೇ ಈ ಜಗ್ಗಾಟ.

ಪೀಣ್ಯ_ಪವರ್

ನಮ್ಮ ಪ್ರಾಡಕ್ಟ್ ಪಂಪ್ ಹೌಸಲ್ಲಿ ಇರೋದು ಮೇಡಂ, ಪ್ಲಗ್ ಕೀಳೋಕೆ ಅಲ್ಲಿ ಯಾರೂ ಇರಲ್ಲ. ಡೇರಿಗೆ ನೀವು ಹೇಳಿದ್ದು ಸರಿ ಇರಬಹುದು.

ಕರ್ನಲ್_ಕಾಕಾ

ರಾಣಿಯವ್ರು ಹೇಳಿದ್ದಕ್ಕ ಕರ್ನಲ್ ಒಳಗ ದಾರಿ ಐತಿ. ಬೋರಯ್ಯಾ, ನಿನ್ನ ನಾಯಿ ಪವರ್ ಬಂದಾಗಿಂದ ಎಚ್ಚರ ಇರ್ತೈತಿ, ಆದ್ರ ಡ್ರೈವರ್ ಅದನ್ನ ಕೋರಿಗೆ ಹೇಳೇ ಇಲ್ಲ. ಪ್ರೋಬ್ ಒಳಗ, ರಿಜಿಸ್ಟರ್ ಮಾಡೂದಕ್ಕ ಮೊದಲ, ಸ್ಟೇಟಸ್‌ನಾಗ ಡಬ್ಲ್ಯೂಡಾಗ್_ಎಚ್‌ಡಬ್ಲ್ಯೂ_ರನ್ನಿಂಗ್ ಬಿಟ್ ಸೆಟ್ ಮಾಡು. ಆವಾಗ ಯಾರೂ ಡಿವೈಸ್ ತಗಿಯೂ (ಓಪನ್ ಮಾಡೂ) ತನಕ ಕೋರ್ ತಾನ ಪಿಂಗ್ ಕೊಡ್ತೈತಿ.

ಹಂಗಂತ ಯೂಸರ್‌ಸ್ಪೇಸ್ ಬರದ ಹೋದ್ರ ಜೀವನಪೂರ್ತಿ ಪಿಂಗ್ ಕೊಡಬಾರದು. ಅದಕ ಬೂಟ್ ಆರ್ಗ್ಯುಮೆಂಟಿನಾಗ ವಾಚ್‌ಡಾಗ್.ಓಪನ್_ಟೈಮ್‌ಔಟ್ ಅಂತ ಐತಿ. 180 ಅಂದ್ರ, 180 ಸೆಕೆಂಡ್ ಒಳಗ ಯಾರೂ ಡಿವೈಸ್ ತಗೀಲಿಲ್ಲಾ ಅಂದ್ರ ಕೋರ್ ಪಿಂಗ್ ನಿಲ್ಲಸ್ತೈತಿ, ನಾಯಿ ತನ್ನ ಕೆಲಸ ಮಾಡ್ತೈತಿ. ಸೊನ್ನಿ ಅಂದ್ರ ಮಿತಿ ಇಲ್ಲ.

ಇನ್ನ ಆ ಖಾಲಿ ಸ್ಟಾಪ್ ಫಂಕ್ಷನ್. ಅದು ಸುಳ್ಳು. ಬಿಸಿಬಾಕ್ಸ್ ವಾಚ್‌ಡಾಗನ್ನ ಕಿಲ್ ಮಾಡಿದ್ರ ಅದು ಹೋಗೂ ಮುಂದ "ವಿ" ಅಕ್ಷರ ಬರದು ಮುಚ್ಚತೈತಿ. ಕೋರ್ ಸ್ಟಾಪ್ ಕರೀತೈತಿ, ನಿನ್ನ ಡ್ರೈವರ್ "ಹೂಂ ನಿಂತೈತಿ" ಅಂತೈತಿ. ಕೋರ್ ನಂಬಿ ಸುಮ್ನಾಗ್ತೈತಿ, ನಾಯಿ ಮಾತ್ರ ಎಣಿಸ್ಕೋತ ಇರ್ತೈತಿ. ಫರ್ಮ್‌ವೇರ್ ಅಪ್‌ಡೇಟ್ ಮಾಡೂ ಮುಂದ ಡೀಮನ್ ನಿಲ್ಲಸ್ತಿದ್ರೇನು?

ಆ ಫಂಕ್ಷನ್ನ ಪೂರಾ ತಗದ ಒಗಿ. ಮ್ಯಾಕ್ಸ್ ಹಾರ್ಟ್‌ಬೀಟ್ ಹಾಕಿದ್ದರಿಂದ ಸ್ಟಾಪ್ ಇಲ್ಲದಿದ್ರೂ ರಿಜಿಸ್ಟರ್ ಆಗ್ತೈತಿ. ನಿಲ್ಲಸಾಕ ಬರೂದಿಲ್ಲ ಅಂತ ಕೋರಿಗೆ ಗೊತ್ತಾದ್ರ, ಮುಚ್ಚಿದ ಮ್ಯಾಲೂ ತಾನ ಪಿಂಗ್ ಕೊಡ್ತೈತಿ.

ಬೋರ್ಡ್_ಬೋರಯ್ಯ

ಕಾಕಾ, ಅಪ್‌ಡೇಟ್ ಮಧ್ಯೆ ಎರಡು ಬೋರ್ಡ್ ಇಟ್ಟಿಗೆ ಆಗಿದ್ವು. ಇಎಂಎಂಸಿ ಕಂಪನಿಗೆ ಬೈದು ಮೇಲ್ ಹಾಕಿದ್ವಿ. ಈಗ ಯಾವ ಮುಖ ಇಟ್ಕೊಂಡು ಮಾತಾಡ್ಲಿ...

ನೀವು ಹೇಳಿದ್ದೆಲ್ಲಾ ಮಾಡಿದೆ. ಜೊತೆಗೆ ನಾನೇ ಸ್ವಲ್ಪ ಶುದ್ಧ ಮಾಡೋಣ ಅಂತ, ಪ್ರೋಬಲ್ಲಿ ರಿಜಿಸ್ಟರ್ 2ಕ್ಕೆ ಬರೀತಿದ್ದ ಸಾಲು ತೆಗೆದು ಸ್ಟಾರ್ಟ್ ಫಂಕ್ಷನ್‌ಗೆ ಹಾಕಿದೆ. ಮಾಮೂಲಿ ಬೂಟು ಚೆನ್ನಾಗಿದೆ. ಎಫ್‌ಎಸ್‌ಸಿಕೆ ಓಡಿದ ಬೂಟಲ್ಲಿ ಮಾತ್ರ ಮತ್ತೆ 55ಕ್ಕೆ ಕಚ್ತು! ಕೋರ್ ಪಿಂಗ್ ಕೊಡುತ್ತೆ ಅಂದ್ರಲ್ಲ? ಡಿವೈಸ್ ಟ್ರೀಯಲ್ಲಿ ಇನ್ನೂ 120 ಇದೆ.

ಕರ್ನಲ್_ಕಾಕಾ

ಕೊಡ್ತೈತಿ, ಆದ್ರ ಯಾವಾಗ? ಕೋರ್ ಲೆಕ್ಕ ಹಾಕೂದು ಟೈಮ್‌ಔಟಿನ ಅರ್ಧಕ್ಕ ಒಂದು ಪಿಂಗ್ ಅಂತ. 120ರ ಅರ್ಧ 60. ಡಿವೈಸ್ ರಿಜಿಸ್ಟರ್ ಆದ ಕೂಡಲೆ ಒಂದು ಪಿಂಗ್, ಮುಂದಿಂದು 60 ಸೆಕೆಂಡಿಗೆ. ಅಲ್ಲಿ ಕೆಳಗ ನಿನ್ನ ಮೈಕ್ರೋಕಂಟ್ರೋಲರ್‌ಗೆ 120 ಅನ್ನೂ ಸುದ್ದಿನ ಮುಟ್ಟಿಲ್ಲ. ಅದು ತನ್ನ ಹುಟ್ಟು ಡಿಫಾಲ್ಟ್ 60 ಹಿಡ್ಕೊಂಡು ಕುಂತೈತಿ, ರಾಣಿಯವರ ಲೆಕ್ಕದಾಗ ಅದು ಖರೇ 55. ಪಿಂಗ್ ಬರೂದ್ರಾಗ ಐದು ಸೆಕೆಂಡ್ ತಡಾ ಆತು.

ನೀ ಆ ಸಾಲು ಹಾಕಿದ ಸ್ಟಾರ್ಟನ್ನ ಅಲ್ಲೀತನಕ ಯಾರೂ ಕರದಿರೂದಿಲ್ಲ. ಮಾಮೂಲಿ ಬೂಟಿನಾಗ 60 ಆಗೂದ್ರಾಗ ಬಿಸಿಬಾಕ್ಸ್ ಬಂದು ತಗೀತೈತಿ, ಅದಕ ಅಲ್ಲಿ ಕಾಣಸ್ಲಿಲ್ಲ.

ಆ ಸಾಲು ಪ್ರೋಬಿನಾಗೂ ಇರ್ಲಿ, ಸ್ಟಾರ್ಟಿನಾಗೂ ಇರ್ಲಿ, ಸೆಟ್_ಟೈಮ್‌ಔಟಿನಾಗೂ ಇರ್ಲಿ. ಒಂದು ಸಣ್ಣ ಫಂಕ್ಷನ್ ಮಾಡಿ ಮೂರೂ ಕಡೆ ಕರಿ. ರನ್ನಿಂಗ್ ಬಿಟ್ ಸೆಟ್ ಮಾಡೂ ಮೊದಲ ಹಾರ್ಡ್‌ವೇರಿಗೆ ಅದ ಬೆಲಿ ಮುಟ್ಟಿರ್ಬೇಕು.

ಕುಡ್ಲ_ಕರ್ನಲ್

ನಿಮ್ಮ ಗೆಳೆಯ ಅದೊಂದು ಸಾಲನ್ನು ಸರಿಯಾಗಿ ಬರ್ದಿದ್ದ ನೋಡಿ. ನೀವೇ ತೆಗೆದ್ರಿ. 😄

ಬೋರ್ಡ್_ಬೋರಯ್ಯ

ಗೊತ್ತಾಯ್ತು ಸಾರ್, ಉಪ್ಪು ಹಾಕ್ಬೇಡಿ.

ಪೈ_ಕಲಿಯುವವ

ಬಿಸಿಬಾಕ್ಸ್ ವಾಚ್‌ಡಾಗ್ ಬರೀ ಪಿಂಗ್ ಕೊಡುತ್ತೆ ಅಷ್ಟೇ ಅಲ್ವಾ? ಹಾಲಿನ ಅಪ್ಲಿಕೇಷನ್ ಹ್ಯಾಂಗಾಗಿದ್ರೂ ಅದು ಪಿಂಗ್ ಕೊಡ್ತಾನೇ ಇರುತ್ತಲ್ಲ?

ರಿಜಿಸ್ಟರ್_ರಾಣಿ

ಈ ಹುಡುಗನ್ನ ಯಾರಾದ್ರೂ ಕೆಲಸಕ್ಕೆ ತಗೊಳ್ಳಿ.

ಹೌದು, ಕೊಡ್ತಾನೇ ಇರುತ್ತೆ. ಅದಕ್ಕೆ ಅಪ್ಲಿಕೇಷನ್ನೇ ಪಿಂಗ್ ಮಾಡಬೇಕು. ಅದೂ ಬೇರೆ ಥ್ರೆಡ್ಡಿಂದ ಅಲ್ಲ, ತೂಕ ಓದಿ ಚೀಟಿ ಹೊಡೆಯೋ ಅದೇ ಲೂಪಿಂದ. ಆದ್ರೆ ಪ್ರಿಂಟರ್ ಪೇಪರ್ ಸಿಕ್ಕಾಕ್ಕೊಂಡು ಲೂಪ್ ಎಷ್ಟು ಹೊತ್ತು ನಿಲ್ಲಬಹುದು ಅಂತ ಮೊದಲು ಅಳೀರಿ. ಇಲ್ಲಾಂದ್ರೆ ಪೇಪರ್ ಜಾಮಾದಾಗಲೆಲ್ಲಾ ರೀಬೂಟು.

ಬೋರ್ಡ್_ಬೋರಯ್ಯ

ಹನ್ನೆರಡು ದಿನ ಆದ್ಮೇಲೆ ಬರ್ತಿದೀನಿ.

ಮೊದಲು ಅಳತೆ. ಆರು ಬೋರ್ಡು, 120 ಸೆಟ್ ಮಾಡಿ ಪಿಂಗ್ ನಿಲ್ಲಿಸಿ ನೋಡಿದೆ. ಆಫೀಸಲ್ಲಿ 109ರಿಂದ 114. ಒಂದನ್ನ ತಗಡಿನ ಶೀಟ್ ಕೆಳಗೆ ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೆ ಇಟ್ಟೆ, 104. ಹಾರ್ಡ್‌ವೇರ್ ಅಣ್ಣ ಮಾತಾಡ್ಲಿಲ್ಲ, ಮುಂದಿನ ಬೋರ್ಡಿಗೆ ಕ್ರಿಸ್ಟಲ್ ಜಾಗ ಬಿಡ್ತೀನಿ ಅಂದ್ರು.

ಬೂಟಿನದ್ದೂ ಅಳೆದೆ. ಎಫ್‌ಎಸ್‌ಸಿಕೆ ಸಮೇತ ಸಾಮಾನ್ಯವಾಗಿ 75ರ ಸುತ್ತ. ಮೂರು ವರ್ಷ ಓಡಿದ ಹಳೇ ಡಬ್ಬದಲ್ಲಿ ಮಾತ್ರ 131. ಓಪನ್_ಟೈಮ್‌ಔಟ್ 180 ಅಂತ ಇಟ್ಟಿದೀನಿ. ಚೀಟಿ ಪ್ರಿಂಟರ್ ಸಿಕ್ಕಾಕ್ಕೊಂಡ್ರೆ ಲೂಪ್ 12 ಸೆಕೆಂಡ್ ನಿಲ್ಲುತ್ತೆ, ಹಾಗಾಗಿ 40 ಆರಾಮ.

ಈಗ ಇರೋದು ಹೀಗೆ: ಡ್ರೈವರಲ್ಲಿ ಡಿಫಾಲ್ಟ್ 60, ಪ್ಯಾರಾಮೀಟರ್ ಸೊನ್ನೆ, ಡಿವೈಸ್ ಟ್ರೀಯಲ್ಲಿ 40. ಬಿಸಿಬಾಕ್ಸ್ ವಾಚ್‌ಡಾಗ್ ತೆಗೆದೇಬಿಟ್ಟೆ, ಅಪ್ಲಿಕೇಷನ್ ತಾನೇ ಡಿವೈಸ್ ಓಪನ್ ಮಾಡುತ್ತೆ, ಟೈಮ್‌ಔಟ್ ಮುಟ್ಟಲ್ಲ, ಓದಿ ಲಾಗಲ್ಲಿ ಬರೀತದೆ ಅಷ್ಟೇ. ಸ್ಟಾಪ್ ಫಂಕ್ಷನ್ ಇಲ್ಲ.

ಮೊನ್ನೆ ರಾತ್ರಿಯೆಲ್ಲಾ ಸುತ್ತಿದ್ದ ಅದೇ ಡೇರಿಗೆ ಹೋಗಿದ್ದೆ. ಸಂಜೆ ಹಾಲು ಹಾಕೋ ಹೊತ್ತಲ್ಲೇ ಮೇನ್ ಆಫ್ ಮಾಡಿ ಆನ್ ಮಾಡಿದೆ, ಐದು ಸಲ. ಐದೂ ಸಲ ಒಂದೇ ಬೂಟಲ್ಲಿ ಎದ್ದಿತು. ಆಮೇಲೆ ಬೇಕಂತಲೇ ಅಪ್ಲಿಕೇಷನ್ನನ್ನ ಸಿಗ್‌ಸ್ಟಾಪ್ ಕೊಟ್ಟು ನಿಲ್ಲಿಸಿದೆ. 36 ಸೆಕೆಂಡಿಗೆ ಕ್ಲಿಕ್ ಅಂತ ರಿಲೇ ಸದ್ದು. ಸೆಕ್ರೆಟರಿ ಕೈ ಆಗಲೇ ಪ್ಲಗ್ ಹತ್ರ ಹೋಗಿತ್ತು. "ಅದೇ ಎದ್ದಿತಲ್ಲಪ್ಪ" ಅಂತ ಕೈ ವಾಪಸ್ ತಗೊಂಡ್ರು.

ಕರ್ನಲ್_ಕಾಕಾ

ಛಲೋ ಆತು. ಸೆಟ್_ಟೈಮ್‌ಔಟ್ ಒಳಗ ಸ್ಟ್ರಕ್ಟಿನ ಟೈಮ್‌ಔಟ್ ಫೀಲ್ಡ್ ಅಪ್‌ಡೇಟ್ ಮಾಡಿಯೋ ಇಲ್ಲೋ? ಭಾಳ ಮಂದಿ ಮರೀತಾರ. ಮಾಡಿದ್ರ ಪ್ಯಾಚ್ ಒಂದು ಸಲ ಇಲ್ಲಿ ಹಾಕು, ನೋಡೂಣು.

ಬೋರ್ಡ್_ಬೋರಯ್ಯ

ಮಾಡಿದೀನಿ ಕಾಕಾ, ನಾಳೆ ಹಾಕ್ತೀನಿ. ಇನ್ನೊಂದು ಹೇಳೋದು ಮರೆತೆ. ನಮ್ಮ ಇನ್ನೊಂದು ಪ್ರಾಡಕ್ಟಿನ ವಾಚ್‌ಡಾಗ್ ಡ್ರೈವರ್ ಫೈಲನ್ನ ಸುಮ್ನೆ ತೆಗೆದು ನೋಡಿದೆ, ಅದು ಬೇರೆಯವರು ಬರೆದಿದ್ದು. ಮೇಲಿಂದ ಹದಿನೇಳನೇ ಸಾಲು: ಟೈಮ್‌ಔಟ್ = 60.